ಮಗಳು ಇಂಗ್ಲೆಂಡಿನಲ್ಲಿ, ಅಪ್ಪ ಬೆಂಗಳೂರಿನಲ್ಲಿ: ಕೇಸು ಎಲ್ಲಿ ಹಾಕಬೇಕು?

ಹೆಂಡತಿಯಿಂದ ಬೇರೆಯಾಗಿ ನೀವು ಬೆಂಗಳೂರಿಗೆ ವಾಪಸ್ ಬಂದಿದ್ದೀರಿ. ಏಳು ವರ್ಷದ ಮಗಳು ತಾಯಿ ಜೊತೆ ಇಂಗ್ಲೆಂಡಿನಲ್ಲೇ ಇದ್ದಾಳೆ. ಈಗ ವಿಡಿಯೋ ಕಾಲ್ ಕೂಡ ನಿಂತಿದೆ. ಇಲ್ಲಿನ ಫ್ಯಾಮಿಲಿ ಕೋರ್ಟಿಗೆ ಹೋಗಬಹುದಾ ಎಂದು ಕೇಳಿದ್ದೀರಿ.

ಸುಮ್ನೆ ಇಲ್ಲಿ ದುಡ್ಡು ಕಳೆಯಬೇಡಿ. ನಾನು ವಕೀಲ ಅಲ್ಲ, ನಿಮ್ಮಂಥದ್ದೇ ಸ್ಥಿತಿಯಲ್ಲಿರುವ ಇನ್ನೊಬ್ಬ ಅಪ್ಪ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಸೆಕ್ಷನ್ ನೋಡಿ. ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿನ ಕೋರ್ಟಿಗೆ ಹೋಗಬೇಕು. ಹೇಗೋ ಇಲ್ಲೊಂದು ಆರ್ಡರ್ ತಂದರೂ ಅಲ್ಲಿ ಅದನ್ನು ಜಾರಿ ಮಾಡಿಸುವವರು ಯಾರು? ಹೇಗ್ ಒಪ್ಪಂದದ ಹೆಸರು ಕೇಳಿರುತ್ತೀರಿ. ಒಂದು ದೇಶದಿಂದ ಇನ್ನೊಂದಕ್ಕೆ ಅಕ್ರಮವಾಗಿ ಕರೆದೊಯ್ದ ಮಗುವನ್ನು ವಾಪಸ್ ಕಳಿಸಲು ದೇಶಗಳು ಮಾಡಿಕೊಂಡ 1980ರ ಆ ಒಪ್ಪಂದದಲ್ಲಿ ಬ್ರಿಟನ್ ಇದೆ, ಭಾರತ ಇಲ್ಲ. ಹಾಗಾಗಿ ಆ ದಾರಿಯೂ ಇಲ್ಲ.

ಆದರೆ ಇಂಗ್ಲೆಂಡಿನ ಫ್ಯಾಮಿಲಿ ಕೋರ್ಟಿಗೆ ನೀವು ಇಲ್ಲಿಂದಲೇ ಅರ್ಜಿ ಹಾಕಬಹುದು. 1989ರ ಚಿಲ್ಡ್ರನ್ ಆಕ್ಟ್ ಅಡಿ ಕೊಡುವ ಆದೇಶಕ್ಕೆ ಚೈಲ್ಡ್ ಅರೇಂಜ್‌ಮೆಂಟ್ಸ್ ಆರ್ಡರ್ (ಮಗು ಯಾರ ಜೊತೆ ಇರಬೇಕು, ಯಾರ ಜೊತೆ ಯಾವಾಗ ಮಾತಾಡಬೇಕು ಎಂದು ಹೇಳುವ ಆದೇಶ) ಅಂತಾರೆ, ಅರ್ಜಿಯ ಫಾರಂ ಸಿ100. ಸಾಮಾನ್ಯವಾಗಿ ಅದಕ್ಕೂ ಮೊದಲು ಮೀಡಿಯೇಟರ್ (ರಾಜಿಗೆ ನೆರವಾಗುವವರು) ಜೊತೆ ಒಂದು ಮೀಟಿಂಗ್ ಆಗಬೇಕು. (ಸ್ಕಾಟ್ಲೆಂಡಿನ ಕಾನೂನೇ ಬೇರೆ, ನೆನಪಿರಲಿ.) ಮಗಳು ಹುಟ್ಟಿದಾಗ ನಿಮ್ಮಿಬ್ಬರ ಮದುವೆ ಆಗಿತ್ತು ಅಲ್ವಾ? ಹಾಗಿದ್ದರೆ ಪೇರೆಂಟಲ್ ರೆಸ್ಪಾನ್ಸಿಬಿಲಿಟಿ, ಅಂದರೆ ಮಗುವಿನ ವಿಷಯದಲ್ಲಿ ಹೆತ್ತವರ ಹಕ್ಕು ಮತ್ತು ಹೊಣೆ, ನಿಮಗೂ ಇದೆ. ಡೈವೋರ್ಸ್ ಆದರೂ ಅದು ಹೋಗಲ್ಲ. ಸ್ಕೂಲಿಗೆ ಇವತ್ತೇ ಮೇಲ್ ಮಾಡಿ, ಅವಳ ರಿಪೋರ್ಟ್ ನಿಮಗೂ ಕಳಿಸಲು ಹೇಳಿ. ಅದಕ್ಕೆ ಕೋರ್ಟ್ ಆದೇಶ ಬೇಕಿಲ್ಲ.

ಅರ್ಜಿಯಲ್ಲಿ ಏನು ಕೇಳುತ್ತೀರಿ ಅನ್ನುವುದೇ ಮುಖ್ಯ. "ಮಗಳ ಜೊತೆ ಮಾತಾಡಲು ಬಿಡಬೇಕು" ಎಂದಷ್ಟೇ ಬರೆದರೆ ಆ ಆದೇಶ ಕಾಗದದಲ್ಲೇ ಉಳಿಯುತ್ತದೆ. ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಕಾಲ್ ಮಾಡಬೇಕು, ಯಾವ ಆ್ಯಪ್, ತಪ್ಪಿದರೆ ಬದಲಿಗೆ ಯಾವ ದಿನ, ಎಲ್ಲಾ ಬರೆಸಿ. ಸಮಯವನ್ನು ಇಂಗ್ಲೆಂಡಿನ ಗಡಿಯಾರದಲ್ಲೇ ಹಾಕಿಸಿ. ಅವರು ಮಾರ್ಚ್ ಕೊನೆಗೆ ಗಡಿಯಾರ ಮುಂದಿಡುತ್ತಾರೆ, ಅಕ್ಟೋಬರ್ ಕೊನೆಗೆ ಹಿಂದಿಡುತ್ತಾರೆ. ಭಾರತದ ರಾತ್ರಿ 8 ಎಂದು ಬರೆಸಿದರೆ ಬೇಸಿಗೆಯಲ್ಲಿ ಅಲ್ಲಿ 3:30, ಚಳಿಗಾಲದಲ್ಲಿ 2:30. ಆಗ ಮಗು ಕ್ಲಾಸಿನಲ್ಲಿರುತ್ತದೆ, ಕಾಲ್ ತಪ್ಪುತ್ತದೆ, ಮತ್ತೆ ಜಗಳ.

ದಿನಕ್ಕೆ ಎಷ್ಟು ಹೊತ್ತು ಕೇಳುವುದು? ಅಪ್ಪ ಅಮ್ಮ ಬೇರೆ ಬೇರೆ ದೇಶದಲ್ಲಿದ್ದರೆ ದಿನಾ 5ರಿಂದ 10 ನಿಮಿಷ ಮಾತಾಡಲು ಅವಕಾಶ ಇರಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಒಂದು ತೀರ್ಪಿನಲ್ಲಿ ಹೇಳಿದೆ. ಅಲ್ಲಿನ ಜಡ್ಜ್ ಅದನ್ನು ಪಾಲಿಸಬೇಕಿಲ್ಲ. ಆದರೂ ಕೇಳುವುದಕ್ಕೆ ಒಳ್ಳೆಯ ಅಳತೆ. ನನ್ನನ್ನು ಕೇಳಿದರೆ, ಏಳು ವರ್ಷದ ಮಗುವಿಗೆ ದಿನಾ ಕಾಲ್ ಹಿಂಸೆಯೇ. ವಾರಕ್ಕೆ ಮೂರು ಸಲ ಸರಿಯಾಗಿ ನಡೆದರೆ ಸಾಕು.

ರಜೆಗೆ ಬೆಂಗಳೂರಿಗೆ ಕಳಿಸಿ ಎಂದು ಶುರುವಿನಲ್ಲೇ ಕೇಳಬೇಡಿ. ಭಾರತ ಹೇಗ್ ಒಪ್ಪಂದದಲ್ಲಿ ಇಲ್ಲದ ಕಾರಣ, ಮಗು ವಾಪಸ್ ಬರುತ್ತದಾ ಎಂಬ ಅನುಮಾನ ಅಲ್ಲಿನ ಕೋರ್ಟಿಗೆ ಜಾಸ್ತಿ. ಮೊದಲು ಕಾಲ್, ಆಮೇಲೆ ನೀವೇ ಅಲ್ಲಿಗೆ ಹೋಗಿ ನೋಡುವುದು, ಅದು ಚೆನ್ನಾಗಿ ನಡೆದ ಮೇಲೆ ಬೆಂಗಳೂರು.

ಆದೇಶ ಬಂದ ಮೇಲೂ ತಾಯಿ ಒಪ್ಪದಿದ್ದರೆ, ಅದನ್ನು ಜಾರಿ ಮಾಡಿಸಿ ಎಂದು ಅದೇ ಕೋರ್ಟನ್ನು ಕೇಳಲು ಫಾರಂ ಸಿ79 ಇದೆ. ಸರಿಯಾದ ಕಾರಣ ಇಲ್ಲದೆ ಆದೇಶ ಮುರಿದವರಿಗೆ 200 ಗಂಟೆವರೆಗೆ ಸಂಬಳವಿಲ್ಲದ ಕೆಲಸ ಮಾಡಿಸುವ ಅಧಿಕಾರ ಕೋರ್ಟಿಗಿದೆ. ಮಗಳ ಖರ್ಚಿನ ದುಡ್ಡನ್ನು ಮಾತ್ರ ಈ ಜಗಳಕ್ಕೆ ಸೇರಿಸಬೇಡಿ. ಪ್ರತಿ ತಿಂಗಳು ಬ್ಯಾಂಕಿನ ಮೂಲಕವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.