ಸಾಲಾಗಿ ಹಾಕೋದಾ, ಚದುರಿಸಿ ಹಾಕೋದಾ ಅನ್ನುವ ಮೊದಲು ಗೋಡೆ ನೋಡಿ

ಸೋಫಾ ಹಿಂದಿನ ದೊಡ್ಡ ಗೋಡೆ ಖಾಲಿ ಇದೆ, ಮನೆಯವರ ಹಳೆಯ ಫೋಟೋಗಳೂ ಕೆಲವು ಚಿತ್ರಗಳೂ ಇವೆ, ಸಾಲಾಗಿ ಹಾಕಲಾ ಚದುರಿಸಿ ಹಾಕಲಾ ಅಂತ ಕೇಳಿದ್ದೀರಿ. ಈ ಮನೆಗೆ ಬಂದಾಗ ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ಅಂತರ ಎಷ್ಟಿರಬೇಕು, ಫ್ರೇಮಿನ ಬಣ್ಣ ಯಾವುದು, ದೊಡ್ಡದು ಮಧ್ಯಕ್ಕಾ ಪಕ್ಕಕ್ಕಾ, ಎಲ್ಲ ಯೋಚನೆ ಮಾಡಿದೆ. ಆ ಗೋಡೆ ಎಂಥದ್ದು ಅಂತ ಮಾತ್ರ ನೋಡಲಿಲ್ಲ. ಅದಕ್ಕೆ ಅಮ್ಮನ ಒಂದು ಫೋಟೋ ಕಳೆದುಕೊಂಡೆ.

ಅಮ್ಮ ಹುಡುಗಿಯಾಗಿದ್ದಾಗ ತೆಗೆಸಿದ ಕಪ್ಪು ಬಿಳುಪು ಫೋಟೋ ಅದು. ಸ್ಟುಡಿಯೋ ಕುರ್ಚಿಯ ತುದಿಯಲ್ಲಿ ಕೂತು ನಗು ತಡೆದುಕೊಂಡಿರುವ ಮುಖ. ನೆಗೆಟಿವ್ ಇರಲಿಲ್ಲ. ಇನ್ನೊಂದು ಪ್ರತಿಯೂ ಇರಲಿಲ್ಲ. ಕಟ್ಟು ಹಾಕಿಸುವಾಗ ಅಂಗಡಿಯವರು ಒಳಗೆ ಮೌಂಟ್ ಹಾಕಲಾ ಅಂತ ಕೇಳಿದರು. ಮೌಂಟ್ ಬೇಡ, ಫೋಟೋ ಗಾಜಿನ ತುಂಬ ಬರಲಿ ಅಂದೆ. ಆಗ ಅದು ಅಂದದ ವಿಷಯ ಅಂದುಕೊಂಡಿದ್ದೆ.

ಮೌಂಟ್ ಅಂದರೆ ಫೋಟೋ ಸುತ್ತ ಬರುವ ದಪ್ಪ ಕಾಗದದ ಚೌಕಟ್ಟು. ಅದರ ದಪ್ಪ ಒಂದೂವರೆ, ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಆದರೆ ಗಾಜು ಫೋಟೋಗೆ ತಾಗದಂತೆ ತಡೆಯುವುದು ಅಷ್ಟೇ ದಪ್ಪ. ಹಳೆಯ ಫೋಟೋಗಳ ಮೇಲ್ಪದರ ಜೆಲಟಿನ್. ತೇವ ಸಿಕ್ಕರೆ ಅದು ಊದಿಕೊಂಡು ಮೆತ್ತಗಾಗುತ್ತದೆ. ಮೆತ್ತಗಾದಾಗ ಗಾಜು ತಾಗಿದ್ದರೆ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ಬಿಡುವುದಿಲ್ಲ.

ತೇವ ಎಲ್ಲಿಂದ ಬಂತು? ನನ್ನ ಆ ಖಾಲಿ ಗೋಡೆ ಮನೆಯ ಹೊರಗೋಡೆ. ಆಚೆ ಬದಿಗೆ ಮಳೆ ನೇರವಾಗಿ ಹೊಡೆಯುತ್ತಿತ್ತು. ಒಳಗಿನಿಂದ ನೋಡಿದರೆ ಬಣ್ಣ ಚೆನ್ನಾಗಿತ್ತು, ಕಲೆ ಇರಲಿಲ್ಲ. ಕೈಯಿಟ್ಟು ನೋಡಿದ್ದರೆ ಪಕ್ಕದ ಗೋಡೆಗಿಂತ ತಣ್ಣಗಿರುವುದು ಗೊತ್ತಾಗುತ್ತಿತ್ತು. ಅದರ ಮೇಲೆ ಫ್ರೇಮನ್ನು ಗೋಡೆಗೆ ಒತ್ತಿ ನೇತು ಹಾಕಿದ್ದೆ. ಹಿಂದೆ ಗಾಳಿ ಆಡಲು ಜಾಗವೇ ಇಲ್ಲ. ಗೋಡೆಯ ಒದ್ದೆ ಹಿಂಬದಿಯ ರಟ್ಟಿಗೆ, ರಟ್ಟಿನಿಂದ ಫೋಟೋಗೆ ಇಳಿಯಿತು.

ಮಳೆಗಾಲ ಮುಗಿಯುವಾಗ ಗಾಜಿನ ಒಳಗೆ ಒಂದು ಹೊಳೆಯುವ ಕಲೆ ಕಂಡಿತು. ಗಾಜು ಒರೆಸಿದೆ, ಹೋಗಲಿಲ್ಲ. ಧೂಳಿರಬೇಕು ಅಂತ ಫ್ರೇಮ್ ಬಿಚ್ಚಿದೆ. ಫೋಟೋ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದರೆ ಬರುತ್ತದೆ ಅಂದುಕೊಂಡು ಮೂಲೆಯಿಂದ ಎತ್ತಿದೆ. ಒಂದು ಕಣ್ಣು, ಕೆನ್ನೆ ಗಾಜಿನ ಮೇಲೇ ಉಳಿಯಿತು, ಕೈಗೆ ಬಂದದ್ದು ಬಿಳಿ ಕಾಗದ. ಎಳೆಯದೇ ಇದ್ದಿದ್ದರೆ ಮುಖ ಪೂರ್ತಿ ಉಳಿಯುತ್ತಿತ್ತು. ನಿಮ್ಮ ಹತ್ತಿರ ಗಾಜಿಗೆ ಅಂಟಿದ ಫೋಟೋ ಇದ್ದರೆ ದಯವಿಟ್ಟು ಬಿಡಿಸಬೇಡಿ. ಬಿಸಿ ಮಾಡಬೇಡಿ, ನೀರಲ್ಲಿ ನೆನೆಸಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬಿಡಿಸಲೇಬೇಕಾದರೆ ಫೋಟೋ ಸಂರಕ್ಷಣೆ ಕಲಿತವರಿಗೆ ಕೊಡಿ, ಅವರಿಗೂ ಅದು ಕಷ್ಟದ ಕೆಲಸವೇ.

ಹಾಗಾಗಿ ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯೇ ಬೇರೆ ಇರಬೇಕು. ಗೋಡೆ ಖಾಲಿ ಇದೆ ಅನ್ನುವುದು ಅಲ್ಲಿ ಫೋಟೋ ಹಾಕಲು ಕಾರಣ ಅಲ್ಲ. ಮಳೆ ಹೊಡೆಯುವ ಹೊರಗೋಡೆ, ಸ್ನಾನದ ಮನೆಗೆ ಅಂಟಿದ ಗೋಡೆ, ಒಲೆಯ ಹತ್ತಿರದ ಜಾಗ, ನೇರ ಬಿಸಿಲು ಬೀಳುವ ಕಡೆ, ಈ ನಾಲ್ಕನ್ನೂ ಬಿಟ್ಟುಬಿಡಿ. ಬಿಸಿಲನ್ನು ಹಗುರವಾಗಿ ತಗೋಬೇಡಿ. ಕಾಗದದ ಮೇಲಿನ ಜಲವರ್ಣ ಚಿತ್ರಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಸಾಕು ಅನ್ನುತ್ತವೆ. ಕಿಟಕಿ ಪಕ್ಕ ಹಗಲಲ್ಲಿ ಅದರ ಎಷ್ಟೋ ಪಟ್ಟು ಬೆಳಕಿರುತ್ತದೆ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಮಕ್ಕಳು ಸ್ಕೆಚ್ ಪೆನ್ನಲ್ಲಿ ಬರೆದ ಚಿತ್ರಗಳು ಎಲ್ಲಕ್ಕಿಂತ ಬೇಗ ಮಾಸುತ್ತವೆ.

ಇನ್ನೊಂದು ಮಾತು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಒಂದೇ ಪ್ರತಿ ಇರುವ ಫೋಟೋ ಗೋಡೆಗೆ ಬೇಡವೇ ಬೇಡ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿಸಿ. 4 ಇಂಚು 6 ಇಂಚಿನ ಫೋಟೋವನ್ನು ಆಗ 8ಕ್ಕೆ 12 ಇಂಚಿನಷ್ಟು ದೊಡ್ಡದಾಗಿ, ಸ್ಪಷ್ಟವಾಗಿ ಪ್ರಿಂಟ್ ಹಾಕಬಹುದು. ಪ್ರಿಂಟನ್ನು ಗೋಡೆಗೆ ಹಾಕಿ, ಮೂಲವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಅಸಲಿಯೇ ಕಾಣಬೇಕು ಅಂತ ಹಿರಿಯರು ಹೇಳಬಹುದು. ನಮ್ಮ ಮನೆಯಲ್ಲೂ ಹೇಳಿದ್ದರು. ಪ್ರಿಂಟ್ ದೊಡ್ಡದಾಗಿ ಕಂಡಾಗ ಅವರಿಗೇ ಅದು ಹೆಚ್ಚು ಇಷ್ಟವಾಯಿತು. ಫ್ರೇಮಿಗೆ ಮೌಂಟ್ ಹಾಕಿಸಿ, ಅದೂ ಆಮ್ಲರಹಿತದ್ದೇ ಇರಲಿ. ಅಗ್ಗದ ರಟ್ಟಿನ ಆಮ್ಲದಿಂದ ಕಾಗದದ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಅಥವಾ ರಬ್ಬರ್ ತುಂಡು ಅಂಟಿಸಿ, ಗಾಳಿ ಆಡಲಿ.

ಇನ್ನು ಜೋಡಣೆ. ಎಲ್ಲ ಫ್ರೇಮೂ ಒಂದೇ ಅಳತೆ ಇದ್ದರೆ ಸಾಲು. ಬೇರೆ ಬೇರೆ ಅಳತೆ ಇದ್ದರೆ ಚದುರಿಸಿ, ಆದರೆ ಫ್ರೇಮ್ ಫ್ರೇಮಿನ ನಡುವಿನ ಅಂತರ ಎಲ್ಲ ಕಡೆ 5ರಿಂದ 8 ಸೆಂಟಿಮೀಟರಿನಲ್ಲಿ ಒಂದೇ ಇರಲಿ. ಇಡೀ ಗುಂಪಿನ ಅಗಲ ಸೋಫಾದ ಮೂರರಲ್ಲಿ ಎರಡು ಪಾಲು ಇದ್ದರೆ ಸಾಕು, ಗೋಡೆ ತುಂಬಿಸುವ ಹಟ ಬೇಡ. ಪ್ರತಿ ಫ್ರೇಮಿನ ಅಳತೆಗೆ ಹಳೆಯ ಪೇಪರ್ ಕತ್ತರಿಸಿ, ಬಣ್ಣ ಕೀಳದ ಟೇಪಿನಲ್ಲಿ ಗೋಡೆಗೆ ಅಂಟಿಸಿ ಕೆಲವು ದಿನ ಹಾಗೇ ಬಿಡಿ. ಆ ಕಡೆ ಈ ಕಡೆ ಓಡಾಡುವಾಗ ಏನು ಸರಿ ಇಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಎತ್ತರದಲ್ಲಿ ಜಾಸ್ತಿ ಜನ ತಪ್ಪುತ್ತಾರೆ, ತುಂಬಾ ಮೇಲೆ ಹಾಕುತ್ತಾರೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಇರಲಿ. ಮೊಳೆಯ ಜಾಗ ಬೇರೆ ಲೆಕ್ಕ. 145ಕ್ಕೆ ಫ್ರೇಮಿನ ಅರ್ಧ ಎತ್ತರ ಕೂಡಿಸಿ, ಫ್ರೇಮಿನ ಹಿಂದೆ ಕಟ್ಟಿದ ತಂತಿಯನ್ನು ಮೇಲಕ್ಕೆ ಎಳೆದಾಗ ಅದಕ್ಕೂ ಫ್ರೇಮಿನ ಮೇಲಂಚಿಗೂ ಉಳಿಯುವ ಅಂತರ ಕಳೆಯಿರಿ. 60 ಸೆಂಟಿಮೀಟರ್ ಫ್ರೇಮು, 8 ಸೆಂಟಿಮೀಟರ್ ಅಂತರ ಅಂದರೆ ಮೊಳೆ 167ಕ್ಕೆ. ಸೋಫಾ ಮೇಲಾದರೆ ಈ 145ನ್ನು ಮರೆತುಬಿಡಿ, ಒರಗುವ ಅಂಚಿನಿಂದ 15ರಿಂದ 20 ಸೆಂಟಿಮೀಟರ್ ಮೇಲೆ ಗುಂಪಿನ ಕೆಳ ಅಂಚು ಬರಲಿ.

ಅಗಲವಾದ ಫ್ರೇಮಿಗೆ ಒಂದರ ಬದಲು ಎರಡು ಮೊಳೆ ಹೊಡೆಯಿರಿ, ರಸಮಟ್ಟ ಇಟ್ಟು ನೋಡಿ. ಆಗ ಅದು ಪದೇ ಪದೇ ವಾಲುವುದಿಲ್ಲ. ತಂತಿಯನ್ನು ತೀರಾ ಬಿಗಿಯಾಗಿ ಕಟ್ಟಬೇಡಿ. ಒಂದೇ ಮೊಳೆಯಲ್ಲಿ ನೇತಾಡುವ ತಂತಿ ಅಡ್ಡಗೆರೆಗೆ 30 ಡಿಗ್ರಿ ಓರೆ ಇದ್ದರೆ ಪ್ರತಿ ಬದಿಯ ಎಳೆತ ಫ್ರೇಮಿನ ಪೂರ್ತಿ ತೂಕದಷ್ಟಿರುತ್ತದೆ. 10 ಡಿಗ್ರಿಗೆ ಇಳಿದರೆ ಹೆಚ್ಚು ಕಡಿಮೆ ಮೂರು ಪಟ್ಟು. ಭಾರದ ಫ್ರೇಮಿಗೆ ಬರೀ ಪ್ಲಾಸ್ಟರಿಗೆ ಹೊಡೆದ ಮೊಳೆ ನಂಬಬೇಡಿ. ಇಟ್ಟಿಗೆವರೆಗೂ ಡ್ರಿಲ್ ಮಾಡಿ ಪ್ಲಗ್ ಹಾಕಿ ಸ್ಕ್ರೂ ಕೂರಿಸಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಬೇಡ, ಒಳಗೆ ವೈರ್ ಇರುತ್ತದೆ.

ಹಾಕಿದ ಮೇಲೆ ಮೊದಲ ಮಳೆಗಾಲದಲ್ಲಿ ಒಂದೊಂದನ್ನೇ ಇಳಿಸಿ ಹಿಂಬದಿ ಮುಟ್ಟಿ ನೋಡಿ. ರಟ್ಟು ಮೆತ್ತಗಿದ್ದರೆ, ಬೂಷ್ಟು ವಾಸನೆ ಬಂದರೆ, ಆ ಫ್ರೇಮನ್ನು ಅವತ್ತೇ ಬೇರೆ ಗೋಡೆಗೆ ಸಾಗಿಸಿ.