ಟಕ್ ಅಂದ್ರ ಕಾಲು ಉದ್ದ ಆಗತೈತೇನ್ರಿ?

ಪ್ರಶ್ನೆ: ನಂಗ 34 ವರ್ಷ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಾಗ ದಲಾಲಿ ಅಂಗಡಿ ಲೆಕ್ಕ ಬರೀತೀನಿ, ದಿನಾ ಗಾದಿ ಮ್ಯಾಲ ಕೂರೂ ಕೆಲಸ. ನಾಕು ತಿಂಗಳಿಂದ ಬಲಗಡೆ ಟೊಂಕದ ಕೆಳಗ ನೋವು, ಏಳುವಾಗ ಹಿಡಕೊಂತೈತಿ. ಹುಬ್ಬಳ್ಳ್ಯಾಗ ಒಬ್ಬ ಕೈರೊಪ್ರಾಕ್ಟರ್ (ಬೆನ್ನು, ಜಾಯಿಂಟ್ ಕೈಲೆ ಒತ್ತಿ ತಿರುವಿ ಚಿಕಿತ್ಸೆ ಮಾಡಾವ್ರು) ಮಲಗಿಸಿ, ಎರಡೂ ಕಾಲು ಜೋಡಿಸಿ ನೋಡಿ, ಎಸ್‌ಐ ಜಾಯಿಂಟ್ (ಬೆನ್ನೆಲುಬಿನ ಬುಡ ಟೊಂಕದ ಎಲುಬಿಗೆ ಕೂಡೂ ಜಾಗ) ಜರಗೇತಿ, ಬಲಗಾಲು 8 ಮಿಲಿಮೀಟರ್ ಗಿಡ್ಡ ಆಗೇತಿ, ಟಕ್ ಅಂತ ತಿರುವಿ ಕುಂದ್ರಸ್ತೀನಿ, 12 ಸಿಟ್ಟಿಂಗ್‌ಗೆ ಮೊದಲ ರೊಕ್ಕ ಕಟ್ರಿ ಅಂದ್ರು. ಕಟ್ಲೇನ್ರಿ?

ಉತ್ತರ (ಫಿಸಿಯೋಥೆರಪಿಸ್ಟ್, ಧಾರವಾಡ): ಸದ್ಯ ಕಟ್ಟಬ್ಯಾಡ್ರಿ.

ನೀವು ಹೇಳೂ ಜಾಗ ಎಸ್‌ಐ ಜಾಯಿಂಟಿಂದ ಇರಬಹುದು, ಟೊಂಕದ ಹಿಂದ ಎರಡೂ ಕಡೆ ಸಣ್ಣ ಗುಣಿ ಇರ್ತಾವಲ್ಲ ಅಲ್ಲೇ ಒಂದ್ ಬೆರಳಿಟ್ಟು ತೋರಿಸ್ತಾರ ಇಂಥ ಪೇಶಂಟ್‌ಗಳು, ಆದ್ರ ಅಷ್ಟಕ್ಕ ಖಾತ್ರಿ ಆಗಂಗಿಲ್ಲ, ನಾವು ಆ ಜಾಯಿಂಟ್‌ನ್ನ ನಾಕೈದು ಥರ ಒತ್ತಿ ನೋಡ್ತೀವಿ, ಅದರಾಗ ಮೂರರಾಗರ ಅದ ನೋವು ಎದ್ರ ಆವಾಗ ಅನುಮಾನ ಗಟ್ಟಿ.

ಜರಗೇತಿ ಅನ್ನೂದು ಮಾತ್ರ ನಂಗ ಒಪ್ಪಿಗಿ ಇಲ್ಲ. ದಪ್ಪ ಲಿಗಮೆಂಟ್ ಬಿಗದಿರೂ ಜಾಯಿಂಟದು, ಒಟ್ಟಾರೆ ಅಲಗಾಡೂದ ಒಂದೆರಡು ಮಿಲಿಮೀಟರ್, ಆಕ್ಸಿಡೆಂಟ್ ಗೀಕ್ಸಿಡೆಂಟ್ ಆಗ್ಲಾರದ ತಾನಾಗೇ ಜರಗಂಗಿಲ್ಲ. ಟಕ್ ಅನ್ನೂದು ಜಾಯಿಂಟಿನ ನೀರಿನಾಗಿನ ಗ್ಯಾಸಿನ ಸಪ್ಪಳ, ಎಲುಬು ಕುಂತ ಸಪ್ಪಳ ಅಲ್ಲ. ಆಮ್ಯಾಲ ಕೆಲವ್ರಿಗೆ ನೋವು ಕಡಿಮಿ ಆಗೂದು ಖರೇನ, ಸುಳ್ಳಲ್ಲ, ಆದ್ರ ಕಾರಣ ಎಲುಬು ಕುಂತದ್ದಲ್ಲ.

ಕಾಲಿನ ವಿಷಯ: ಮಲಗಿಸಿ ಹಿಮ್ಮಡಿ ಜೋಡಿಸಿ ನೋಡಿದ್ರ ನೀವು ಹೆಂಗ ಮಲಗೀರಿ, ಯಾವ ಸ್ನಾಯು ಬಿಗದೈತಿ ಅನ್ನೂದರ ಮ್ಯಾಲ 8 ಮಿಲಿಮೀಟರ್ ಬರತೈತಿ, ಹೋಗತೈತಿ. ಸರಿಯಾಗಿ ನೋಡಬೇಕಂದ್ರ ನಿಲ್ಲಿಸಿ, ಗಿಡ್ಡ ಕಾಲಿನ ಕೆಳಗ ತೆಳ್ಳನ ಹಲಗಿ ಒಂದೊಂದ ಇಟ್ಟು ಟೊಂಕ ಸಮ ಆಗೂತನ ಅಳೀಬೇಕು. ಒಂದ್ ಸೆಂಟಿಮೀಟರ್ ಒಳಗಿನ ಫರಕು ಎಷ್ಟೋ ಮಂದಿಗೆ ಇರ್ತೈತಿ, ಪ್ಯಾಂಟ್ ಹೊಲಿಯೂ ದರ್ಜಿಗೆ ಗೊತ್ತು! ಎಲುಬ ಗಿಡ್ಡ ಇದ್ರ ಯಾರ ತಿರುವಿದ್ರೂ ಉದ್ದ ಆಗಂಗಿಲ್ಲ, ಸುಮಾರು 2 ಸೆಂಟಿಮೀಟರ್ ದಾಟಿದ್ರ ಚಪ್ಪಲಿಗೆ ಹಿಮ್ಮಡಿ ಏರಿಸೂದು, ಅದೂ ಸ್ವಲ್ಪ ಸ್ವಲ್ಪ.

ಮಾಡಿಸ್ಬೇಕು ಅನಿಸಿದ್ರ ಎರಡ್ಮೂರು ಸಿಟ್ಟಿಂಗ್ ನೋಡ್ರಿ, ಫರಕು ಕಾಣಲಿಲ್ಲಂದ್ರ ಬಿಡ್ರಿ. ಗಾದಿ ಮ್ಯಾಲಿಂದ ಅರ್ಧ ತಾಸಿಗೊಮ್ಮೆ ಏಳ್ರಿ, ಅಂಗಾತ ಮಲಗಿ ಮೊಣಕಾಲು ಮಡಚಿ ಕುಂಡಿ ಎತ್ತೂ ವ್ಯಾಯಾಮ ದಿನಾ ಮಾಡ್ರಿ, ಸಿಟ್ಟಿಂಗ್‌ಗಿಂತ ಇದ ಜಾಸ್ತಿ ದಿನ ಉಳಿಯೂದು.

ಒಂದು ಮಾತ್ರ ನೀವು ಬರದಿಲ್ಲ. ಮುಂಜಾನೆ ಎದ್ದಾಗ ಅರ್ಧ ತಾಸಿಗಿಂತ ಹೆಚ್ಚು ಟೊಂಕ ಸೆಟದಿರ್ತೈತೇನು, ಓಡಾಡಿದ್ರ ಸಡಲಾಗಿ ರಾತ್ರಿ ನೋವಿಗೆ ಎಚ್ಚರಾಗತೈತೇನು? ಹೌದಂದ್ರ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನೆಲುಬಿನ ಜಾಯಿಂಟ್‌ಗೆ ಉರಿಯೂತ ಬರೂ ಸಂಧಿವಾತ) ಇರಬಹುದು, ನಿಮ್ಮ ವಯಸ್ಸಿನಾಗ ಅದನ್ನ ಬಿಡಂಗಿಲ್ಲ, ಮೊದಲ ಸಂಧಿವಾತದ ಡಾಕ್ಟರ್ ಕಡೆ ಹೋಗ್ರಿ, ಅಲ್ಲಿತನ ಯಾರ ಕೈಲೂ ಟೊಂಕ ತಿರುವಿಸ್ಕೋಬ್ಯಾಡ್ರಿ. ಎರಡೂ ತೊಡಿ ನಡುವಿನ ಜಾಗ ಜೋಮು ಹಿಡದು ಮೂತ್ರ ಕಟ್ಟಿದ್ರಂತೂ ಅವತ್ತ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ದವಾಖಾನಿ ಎಮರ್ಜೆನ್ಸಿಗೆ ಹೋಗ್ರಿ.