ಪೆನ್ಸಿಲ್ ವಾಲಿಸಿದರೆ ಮೆದುಳಿನಲ್ಲಿ ಏನಾಗುತ್ತದೆ?

ಪ್ರಶ್ನೆ: ನಾವು ಕಂಡದ್ದು ಮೆದುಳಿನಲ್ಲಿ ಫೋಟೋ ಥರ ಅಚ್ಚಾಗುತ್ತದೆಯೇ? ಅಲ್ಲಿನ ನರಕೋಶಗಳ ಜೋಡಣೆಗೆ ಏನಾದರೂ ಕ್ರಮವಿದೆಯೇ?

ಉತ್ತರ: ಕ್ರಮ ಖಂಡಿತ ಇದೆ. ಆದರೆ ಅಲ್ಲಿರುವುದು ಫೋಟೋ ಅಲ್ಲ.

ಈ ಪಾಠಕ್ಕೆ ನಾನು ಒಂದು ಪೆನ್ಸಿಲ್ ಹಿಡಿದೇ ತರಗತಿಗೆ ಹೋಗುತ್ತಿದ್ದೆ. ನೀವೂ ಒಂದನ್ನು ಕಣ್ಣೆದುರು ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗದಲ್ಲಿ ವಿ-1 ಎಂಬ ದೃಷ್ಟಿ ಪ್ರದೇಶವಿದೆ. ಅಲ್ಲಿ ನೆಟ್ಟಗಿನ ಗೆರೆಯನ್ನೇ ಗುರುತಿಸುವ ಕೋಶಗಳು ಈಗ ಚುರುಕಾಗಿವೆ. ಪೆನ್ಸಿಲನ್ನು ವಾಲಿಸಿ. ಅವು ಸುಮ್ಮನಾಗುತ್ತವೆ, ಬೇರೆ ಕೋಶಗಳು ಶುರು ಮಾಡುತ್ತವೆ.

ಇದು ಗೊತ್ತಾದದ್ದು ಆಕಸ್ಮಿಕವಾಗಿ. 1958ರಲ್ಲಿ ನರವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್, ಬೆಕ್ಕಿನ ಮೆದುಳಿನ ಒಂದು ಕೋಶದ ಸಂಕೇತ ಸ್ಪೀಕರಿನಲ್ಲಿ ಕೇಳುವಂತೆ ಮಾಡಿಕೊಂಡು, ಅದರ ಕಣ್ಣಿಗೆ ಗಾಜಿನ ಸ್ಲೈಡಿನಲ್ಲಿದ್ದ ಕಪ್ಪು ಚುಕ್ಕೆ ತೋರಿಸುತ್ತಿದ್ದರು. ಎಷ್ಟು ತೋರಿಸಿದರೂ ಕೋಶ ಜಗ್ಗಲಿಲ್ಲ. ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಹಾದುಹೋಯಿತು ನೋಡಿ, ಸ್ಪೀಕರಿನಲ್ಲಿ ಪಟಪಟ ಸದ್ದು! ಆ ಕೋಶ ಕಾಯುತ್ತಿದ್ದದ್ದು ಓರೆಯಾದ ಒಂದು ಗೆರೆಗೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಅವರು ಮಂಗಗಳಲ್ಲಿ ಹುಡುಕಿದರು. ವಿ-1ರ ದಪ್ಪ ಸುಮಾರು 2 ಮಿ.ಮೀ. ಕೋಶಗಳ ಸಂಕೇತ ಹಿಡಿಯುವ ಸೂಜಿಯಂಥ ಎಲೆಕ್ಟ್ರೋಡನ್ನು ನೇರ ಕೆಳಕ್ಕಿಳಿಸಿದರೆ ದಾರಿಯುದ್ದಕ್ಕೂ ಸಿಗುವ ಬಹುತೇಕ ಕೋಶಗಳಿಗೆ ಒಂದೇ ಓರೆ ಬೇಕು. ಅದೊಂದು ಕಂಬ ಅಂದುಕೊಳ್ಳಿ. ಅಡ್ಡಕ್ಕೆ ಸರಿಸಿದರೆ 0.05 ಮಿ.ಮೀ.ಗೊಮ್ಮೆ ಓರೆ ಸುಮಾರು 10 ಡಿಗ್ರಿ ಬದಲಾಗುತ್ತದೆ. ಒಂದು ಮಿ.ಮೀ. ದಾಟುವಷ್ಟರಲ್ಲಿ ಪೆನ್ಸಿಲ್ ಅರ್ಧ ಸುತ್ತು ತಿರುಗಿದ ಹಾಗಾಯಿತು. ಇದೇ ಜಾಗದಲ್ಲಿ ಎಡಗಣ್ಣಿಗೆ ಹೆಚ್ಚು ಸ್ಪಂದಿಸುವ ಕೋಶಗಳದ್ದೊಂದು ಪಟ್ಟೆ, ಬಲಗಣ್ಣಿನವುಗಳದ್ದೊಂದು ಪಟ್ಟೆ. ಒಂದೊಂದೂ ಹೆಚ್ಚುಕಮ್ಮಿ ಅರ್ಧ ಮಿ.ಮೀ. ಅಗಲ.

ಕಣ್ಣೆದುರಿನ ದೃಶ್ಯದ ನಕ್ಷೆಯೂ ಅಲ್ಲಿದೆ, ಆದರೆ ಅಳತೆ ಸಮ ಇಲ್ಲ. ಪೆನ್ಸಿಲ್ ತುದಿಯನ್ನೇ ದಿಟ್ಟಿಸುತ್ತಾ ಈ ಪುಟದ ಅಂಚಿನ ಪದ ಓದಿ. ಆಗಲ್ಲ, ಅಲ್ವಾ? ನೋಟದ ನಟ್ಟನಡುವಿನ ಪುಟ್ಟ ಭಾಗಕ್ಕೇ ರೆಟಿನಾ (ಕಣ್ಣಿನ ಒಳಗೆ ಬೆಳಕು ಗ್ರಹಿಸುವ ಪರದೆ) ಕೋಶಗಳನ್ನು ಜಾಸ್ತಿ ಇಟ್ಟಿದೆ, ವಿ-1 ಜಾಗವನ್ನೂ ಜಾಸ್ತಿ ಕೊಟ್ಟಿದೆ.

‘ಇಲಿಗೂ ಹೀಗೇನಾ ಮೇಡಂ?’ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಳು. ಬಹಳ ಒಳ್ಳೆಯ ಪ್ರಶ್ನೆ. ಇಲಿಯಲ್ಲೂ ಓರೆ ಗುರುತಿಸುವ ಕೋಶಗಳಿವೆ, ಆದರೆ ಚೆಲ್ಲಾಪಿಲ್ಲಿ. ಅಂದರೆ ಗೆರೆ ಗುರುತಿಸಲು ಕಂಬ ಇರಲೇಬೇಕು ಅಂತೇನಿಲ್ಲ. ಹಾಗಾದರೆ ಮಂಗಕ್ಕೂ ನಮಗೂ ಯಾಕೆ? ಒಂದೇ ಕೆಲಸದ ಕೋಶಗಳು ಅಕ್ಕಪಕ್ಕ ಇದ್ದರೆ ಅವುಗಳ ನಡುವಿನ ನರತಂತು ಗಿಡ್ಡವಾಗಿದ್ದರೂ ಸಾಕು ಎಂಬ ವಿವರಣೆಯಿದೆ. ನನಗೆ ಒಪ್ಪಿಗೆಯಾಗುವುದು ಅದೇ.